ಹಳೆಯ ಕಟ್ಟಡ, ಹೊಸ ಹಸಿವು: ಮರುಬಳಕೆಯ ನೀತಿಯ ಒಂದು ವಿಮರ್ಶೆ

ಇದ್ದುದನ್ನು ಕೆಡವದೆ ಬಳಸಿಕೊಳ್ಳುವುದು ಒಳ್ಳೆಯದೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ. ಹಳೆಯ ಮನೆಯ ತೊಲೆ ಬಾಗಿಲುಗಳನ್ನು ಹೊಸ ಮನೆಗೆ ಹೊಂದಿಸಿಕೊಂಡ ನಮ್ಮ ಹಿರಿಯರಿಗೆ ಇದು ಉಪದೇಶದ ವಿಷಯವಾಗಿರಲಿಲ್ಲ, ನಿತ್ಯದ ನಡವಳಿಕೆಯಾಗಿತ್ತು. ಆದುದರಿಂದಲೇ ಮರುಬಳಕೆಯೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ವಿಚಾರಣೆಯನ್ನು ನಿಲ್ಲಿಸಿ ಒಪ್ಪಿಗೆ ಸೂಚಿಸಿಬಿಡುತ್ತದೆ. ಮುಚ್ಚಿಹೋದ ಕಾರ್ಖಾನೆಗಳನ್ನೂ ತೆರವಾದ ವಾಣಿಜ್ಯ ಕಟ್ಟಡಗಳನ್ನೂ ಕೃತಕ ಬುದ್ಧಿಮತ್ತೆಯ ಗಣನೆಗಾಗಿ ದತ್ತಾಂಶ ಕೇಂದ್ರಗಳನ್ನಾಗಿ ಮಾರ್ಪಡಿಸುವ ಉದ್ಯಮಕ್ಕೆ ಇಂದು ಈ ಒಪ್ಪಿಗೆಯ ಆಶ್ರಯ ದೊರೆಯುತ್ತಿದೆ. ಆ ಒಪ್ಪಿಗೆಗೆ ಅದು ಎಷ್ಟರ ಮಟ್ಟಿಗೆ ಅರ್ಹವೆಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಮೊದಲು ಆ ಪಕ್ಷದ ಬಲವನ್ನು ನ್ಯಾಯವಾಗಿ ಹೇಳಬೇಕು. ದತ್ತಾಂಶ ಕೇಂದ್ರವೆಂದರೆ ಸಾವಿರಾರು ಗಣಕಯಂತ್ರಗಳನ್ನು ಸಾಲುಸಾಲಾಗಿ ಜೋಡಿಸಿ, ಹಗಲಿರುಳು ವಿದ್ಯುತ್ತನ್ನು ಒದಗಿಸಿ, ಅವು ಹೊರಹಾಕುವ ಶಾಖವನ್ನು ನೀರಿನಿಂದಲೋ ಗಾಳಿಯಿಂದಲೋ ಸಾಗಿಸುವ ಸ್ಥಾವರ. ಭಾರ ತಾಳುವ ನೆಲ, ಎತ್ತರದ ಮಾಡು, ವಿದ್ಯುತ್ ಮಾರ್ಗ, ನೀರಿನ ಸೌಕರ್ಯ ಅದಕ್ಕೆ ಬೇಕು. ಹಳೆಯ ಕಾರ್ಖಾನೆಗಳಲ್ಲಿ ಇವು ಬಹುಮಟ್ಟಿಗೆ ಸಿದ್ಧವಾಗಿಯೇ ಇರುತ್ತವೆ. ಶಿಕಾಗೊ ನಗರದ ಪೂರ್ವ ಸರ್ಮ್ಯಾಕ್ ರಸ್ತೆಯ ೩೫೦ನೆಯ ಸಂಖ್ಯೆಯ ಕಟ್ಟಡ ಇದಕ್ಕೆ ಪ್ರಸಿದ್ಧ ನಿದರ್ಶನ. ೧೯೧೨ರಿಂದ ೧೯೨೯ರವರೆಗೆ ಹಂತಹಂತವಾಗಿ ಎದ್ದ ಈ ಭವನ ಆರ್. ಆರ್. ಡಾನೆಲಿ ಸಂಸ್ಥೆಯ ಮುದ್ರಣಾಲಯವಾಗಿತ್ತು. ಸಿಯರ್ಸ್ ಕಂಪನಿಯ ದಪ್ಪನೆಯ ಸರಕುಪಟ್ಟಿಗಳು ಇಲ್ಲಿ ಅಚ್ಚಾಗುತ್ತಿದ್ದವು. ೧೯೯೩ರಲ್ಲಿ ಆ ಪಟ್ಟಿಯ ಪ್ರಕಟಣೆ ನಿಂತಿತು, ಮುದ್ರಣಾಲಯವೂ ಮುಚ್ಚಿತು. ಮುದ್ರಣಯಂತ್ರಗಳ ಭಾರಕ್ಕೆಂದು ಕಟ್ಟಿದ ನೆಲವೇ ಮುಂದೆ, ೧೯೯೯ರ ಅನಂತರ, ಗಣಕಗಳ ಭಾರವನ್ನು ಹೊತ್ತಿತು.

ಫಿನ್‌ಲೆಂಡಿನ ಹಾಮಿನಾ ಎಂಬ ಕಡಲತೀರದ ಊರಿನ ಕಥೆಯೂ ಗಮನಾರ್ಹ. ೨೦೦೮ರಲ್ಲಿ ಮುಚ್ಚಿದ ಕಾಗದದ ಕಾರ್ಖಾನೆಯೊಂದನ್ನು ಗೂಗಲ್ ಸಂಸ್ಥೆ ೨೦೦೯ರಲ್ಲಿ ಕೊಂಡು, ೨೦೧೧ರಲ್ಲಿ ದತ್ತಾಂಶ ಕೇಂದ್ರವಾಗಿ ತೆರೆಯಿತು. ಕಾಗದದ ಕಾರ್ಖಾನೆಗಾಗಿ ಹಿಂದೆಯೇ ಕೊರೆದಿದ್ದ ಸುರಂಗದ ಮೂಲಕ ಸಮುದ್ರದ ತಣ್ಣೀರನ್ನು ತಂದು ಯಂತ್ರಗಳ ಶಾಖವನ್ನು ತಣಿಸುವ ಏರ್ಪಾಡು ಅಲ್ಲಿದೆ. ಹೊರಬೀಳುವ ಶಾಖವನ್ನು ಊರಿನ ಮನೆಗಳನ್ನು ಬೆಚ್ಚಗಿಡುವ ಕೊಳವೆಜಾಲಕ್ಕೆ ಕೊಡುವ ಯೋಜನೆ ೨೦೨೪ರಲ್ಲಿ ಪ್ರಕಟವಾಯಿತು. ಈ ಎರಡು ಕಡೆಗಳಲ್ಲಿಯೂ ವಿದ್ಯುತ್ತಿನ ಬೇಡಿಕೆ ಅಪಾರವೇ. ಆದರೂ ಕಟ್ಟಡದಲ್ಲಿ ಹಿಂದಿನವರು ಬಿಟ್ಟುಹೋದ ಸತ್ತ್ವವನ್ನು ಅರಿತು ಬಳಸಿಕೊಂಡದ್ದು ನಿಜ.

ಇವುಗಳ ಪಕ್ಕದಲ್ಲಿ ಮೂರನೆಯ ನಿದರ್ಶನವನ್ನು ಇಟ್ಟಾಗ ವ್ಯತ್ಯಾಸ ತಿಳಿಯುತ್ತದೆ. ಅಮೆರಿಕದ ಟೆನೆಸಿ ರಾಜ್ಯದ ಮೆಂಫಿಸ್ ನಗರದ ನೈಋತ್ಯ ಭಾಗದಲ್ಲಿ ಎಲೆಕ್ಟ್ರೋಲಕ್ಸ್ ಸಂಸ್ಥೆ ಅಡುಗೆ ಒಲೆಗಳ ಕಾರ್ಖಾನೆಯೊಂದನ್ನು ನಡೆಸುತ್ತಿತ್ತು. ಸಾರ್ವಜನಿಕ ಬೊಕ್ಕಸದ ಕೋಟ್ಯಂತರ ಡಾಲರುಗಳ ನೆರವಿನಿಂದ ಎದ್ದ ಆ ಕಾರ್ಖಾನೆ ಕೆಲವೇ ವರ್ಷ ಬಾಳಿ ೨೦೨೨ರಲ್ಲಿ ನಿಂತಿತು. ಇಲಾನ್ ಮಸ್ಕ್ ಸ್ಥಾಪಿಸಿದ ಎಕ್ಸ್‌ಎಐ ಸಂಸ್ಥೆಯು ಅಲ್ಲಿ ದತ್ತಾಂಶ ಕೇಂದ್ರವನ್ನು ತೆರೆಯಲಿದೆಯೆಂದು ೨೦೨೪ರ ಜೂನ್ ತಿಂಗಳಿನಲ್ಲಿ ಘೋಷಿಸಲಾಯಿತು. ಕೆಲಸ ಆರಂಭವಾದ ೧೨೨ ದಿನಗಳಲ್ಲಿ ಒಂದು ಲಕ್ಷ ಎನ್ವಿಡಿಯಾ ಚಿಪ್ಪುಗಳ ಗಣಕವ್ಯೂಹ ಸಿದ್ಧವಾಯಿತೆಂದು ಸಂಸ್ಥೆ ಹೆಮ್ಮೆಯಿಂದ ಹೇಳಿಕೊಂಡಿತು. ಹೊಸ ಕಟ್ಟಡವನ್ನು ಕಟ್ಟಿದ್ದರೆ ವರ್ಷಗಳೇ ಹಿಡಿಯುತ್ತಿದ್ದವು. ಇಲ್ಲಿ ಹಳೆಯ ಕಟ್ಟಡವನ್ನು ಆರಿಸಿಕೊಂಡದ್ದು ಸಿಮೆಂಟು ಕಬ್ಬಿಣಗಳ ಉಳಿತಾಯಕ್ಕಾಗಿ ಅಲ್ಲ, ಕಾಲದ ಉಳಿತಾಯಕ್ಕಾಗಿ ಎಂಬುದನ್ನು ಆ ಹೆಮ್ಮೆಯ ಮಾತೇ ತಿಳಿಸುತ್ತದೆ.

ಗೋಡೆಗಳು ಸಿದ್ಧವಾಗಿದ್ದವು, ವಿದ್ಯುತ್ತು ಸಿದ್ಧವಾಗಿರಲಿಲ್ಲ. ಆ ಸ್ಥಳದಲ್ಲಿ ಮೊದಲಿಗೆ ಲಭ್ಯವಿದ್ದುದು ಸುಮಾರು ೮ ಮೆಗಾವಾಟ್. ಟೆನೆಸಿ ಕಣಿವೆ ಪ್ರಾಧಿಕಾರವು ೧೫೦ ಮೆಗಾವಾಟಿನ ಬೇಡಿಕೆಗೆ ಸಮ್ಮತಿಯಿತ್ತದ್ದು ೨೦೨೪ರ ನವೆಂಬರಿನಲ್ಲಿ. ಅದಕ್ಕೆ ಮುಂಚೆಯೇ, ಅನಿಲವನ್ನು ಸುಟ್ಟು ವಿದ್ಯುತ್ತನ್ನು ಉತ್ಪಾದಿಸುವ ಟರ್ಬೈನುಗಳನ್ನು ವಾಹನಗಳಲ್ಲಿ ತಂದು ಅಂಗಳದಲ್ಲಿ ನಿಲ್ಲಿಸಲಾಗಿತ್ತು. ೨೦೨೫ರ ವಸಂತದಲ್ಲಿ ಪರಿಸರ ಕಾನೂನಿನ ಸಂಘಟನೆಯೊಂದು ಆಕಾಶದಿಂದ ತೆಗೆಸಿದ ಚಿತ್ರಗಳಲ್ಲಿ ಇಂಥ ೩೫ ಟರ್ಬೈನುಗಳು ಕಂಡುಬಂದವು. ಅವುಗಳಿಗೆ ವಾಯುಮಾಲಿನ್ಯದ ಪರವಾನಗಿ ಇರಲಿಲ್ಲ. ತಾತ್ಕಾಲಿಕವಾಗಿ ತಂದಿರಿಸಿದ ಯಂತ್ರಗಳಿಗೆ ಒಂದು ವರ್ಷದೊಳಗೆ ಪರವಾನಗಿ ಬೇಕಾಗುವುದಿಲ್ಲವೆಂಬುದು ಸ್ಥಳೀಯ ಅಧಿಕಾರಿಗಳ ವ್ಯಾಖ್ಯಾನವಾಗಿತ್ತು. ಕಾನೂನು ಹಾಗೆ ಹೇಳುವುದಿಲ್ಲವೆಂಬುದು ವಿರೋಧಿಗಳ ವಾದ.

ಈ ಟರ್ಬೈನುಗಳಿಂದ ಹೊರಡುವ ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ಓಜೋನ್ ಮಾಲಿನ್ಯಕ್ಕೆ ಕಾರಣವಾಗುತ್ತವೆ; ಉಬ್ಬಸದವರಿಗೆ ಅದು ನೇರವಾದ ಹಿಂಸೆ. ಆ ಕಾರ್ಖಾನೆಗೆ ಕೆಲವೇ ಮೈಲಿಗಳ ದೂರದಲ್ಲಿ ಬಾಕ್ಸ್‌ಟೌನ್ ಎಂಬ ಬಡಾವಣೆಯಿದೆ. ದಾಸ್ಯದಿಂದ ಬಿಡುಗಡೆ ಹೊಂದಿದ ಕರಿಯ ಜನರು ರೈಲುಗಾಡಿಗಳ ಹಳೆಯ ಹಲಗೆಗಳನ್ನು ತಂದು ಮನೆ ಕಟ್ಟಿಕೊಂಡದ್ದರಿಂದ ಅದಕ್ಕೆ ಆ ಹೆಸರು ಬಂದಿತು. ಮರುಬಳಕೆಯ ಅರ್ಥ ಆ ಜನರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿದ್ದೀತು? ತಮ್ಮ ನೆಲದಡಿಯಲ್ಲಿ ಹಾಯಬೇಕಿದ್ದ ಎಣ್ಣೆಯ ಕೊಳವೆಮಾರ್ಗವನ್ನು ಹೋರಾಡಿ ೨೦೨೧ರಲ್ಲಿ ನಿಲ್ಲಿಸಿದವರೂ ಅವರೇ. ದತ್ತಾಂಶ ಕೇಂದ್ರದ ವಿಷಯದಲ್ಲಿ ತಮ್ಮನ್ನು ಮೊದಲಾಗಿ ಕೇಳಲಿಲ್ಲವೆಂಬುದು ಅವರ ಮುಖ್ಯ ದೂರು. ಪರವಾನಗಿಯ ಕುರಿತು ಸಾರ್ವಜನಿಕ ಅಹವಾಲು ಸಭೆ ನಡೆದದ್ದು ೨೦೨೫ರ ಏಪ್ರಿಲ್‌ನಲ್ಲಿ, ಅಂದರೆ ಟರ್ಬೈನುಗಳು ಉರಿಯತೊಡಗಿ ಎಷ್ಟೋ ತಿಂಗಳುಗಳಾದ ಮೇಲೆ. ಆ ವರ್ಷದ ಜುಲೈನಲ್ಲಿ ೧೫ ಟರ್ಬೈನುಗಳಿಗೆ ಪರವಾನಗಿ ದೊರೆಯಿತು.

ಇಲ್ಲಿಯೇ ನಮ್ಮ ವಿಮರ್ಶೆಯ ತಿರುಳು ಇದೆ. ಹೊಸ ಕಟ್ಟಡವೊಂದನ್ನು ಕಟ್ಟುವಾಗ ತಗಲುವ ಕಾಲವೆಲ್ಲವೂ ವ್ಯರ್ಥವಲ್ಲ. ಅಡಿಪಾಯ ತೋಡುವುದನ್ನು ನೆರೆಯವರು ನೋಡುತ್ತಾರೆ, ಏನು ಬರುತ್ತಿದೆಯೆಂದು ಕೇಳುತ್ತಾರೆ, ಅಧಿಕಾರಿಗಳು ನಕ್ಷೆಯನ್ನು ಪರಿಶೀಲಿಸುತ್ತಾರೆ, ಆಕ್ಷೇಪಣೆಗೆ ಅವಕಾಶವಿರುತ್ತದೆ. ಆ ವಿಳಂಬದಲ್ಲಿ ಇತರರ ಹಕ್ಕು ಅಡಗಿದೆ. ಸಿದ್ಧವಾದ ಗೋಡೆಗಳ ಒಳಗೆ ಹೊಸ ಉದ್ಯಮವೊಂದು ಸದ್ದಿಲ್ಲದೆ ಹೊಕ್ಕಾಗ ಉಳಿಯುವ ಕಾಲ ಉದ್ಯಮಿಯದಾಗುತ್ತದೆ, ಕಳೆದುಹೋಗುವ ಕಾಲ ನೆರೆಯವರದಾಗುತ್ತದೆ. ಹೊರಗಿನಿಂದ ನೋಡುವವರಿಗೆ ಅದು ಒಲೆ ತಯಾರಿಸುತ್ತಿದ್ದ ಹಳೆಯ ಕಾರ್ಖಾನೆಯೇ. ಒಳಗಿನ ಹಸಿವು ಮಾತ್ರ ಒಂದು ನಗರದ ಹಸಿವು.

ತೆರಿಗೆಯಿಂದ ನಗರಕ್ಕೆ ಆದಾಯ ಬರುತ್ತದೆ, ಪಾಳುಬಿದ್ದ ಸ್ಥಳಕ್ಕೆ ಜೀವ ಬರುತ್ತದೆ ಎಂಬ ಸಮಾಧಾನವನ್ನು ಸಮರ್ಥಕರು ಹೇಳುತ್ತಾರೆ. ಇದು ಸುಳ್ಳಲ್ಲ; ಮುಚ್ಚಿದ ಕಾರ್ಖಾನೆಯ ಬಾಗಿಲಲ್ಲಿ ನಿಂತ ನಗರಕ್ಕೆ ಆದಾಯ ಬೇಡವೆನ್ನುವುದು ದೂರದಲ್ಲಿರುವವರಿಗೆ ಸುಲಭವೆಂಬುದೂ ನಿಜ. ಆದರೆ ಲಾಭವು ಇಡೀ ನಗರಕ್ಕೆ ಹಂಚಿಹೋಗಿ, ಹೊಗೆಯು ಒಂದೇ ಬಡಾವಣೆಯ ಪಾಲಿಗೆ ಬರುವುದಾದರೆ ಆ ಲೆಕ್ಕ ಸರಿಯಾದುದಲ್ಲ. ಓಜೋನ್ ಮಾಲಿನ್ಯದಲ್ಲಿ ಅಮೆರಿಕದ ಶ್ವಾಸಕೋಶ ಸಂಘದಿಂದ ಅನುತ್ತೀರ್ಣ ದರ್ಜೆ ಪಡೆದಿದ್ದ ಪ್ರದೇಶದಲ್ಲಂತೂ ಮೊದಲು ಯಂತ್ರವನ್ನು ಹೂಡಿ ಆಮೇಲೆ ಅನುಮತಿ ಕೇಳುವುದನ್ನು ವಿವೇಕವೆನ್ನಲಾಗದು.

ಆದುದರಿಂದ ಮರುಬಳಕೆಯೆಂಬ ಹೆಸರಿಗೆ ಯೋಗ್ಯವಾದುದು ಯಾವುದೆಂದು ನಿರ್ಣಯಿಸಲು ಕಟ್ಟಡದ ವಯಸ್ಸು ಸಾಲದು. ಹಿಂದಿನ ಉದ್ಯಮ ಆ ಸ್ಥಳದಿಂದ ಎಷ್ಟು ವಿದ್ಯುತ್ತು, ನೀರು, ಗಾಳಿಯನ್ನು ಪಡೆಯುತ್ತಿತ್ತು, ಹೊಸದು ಎಷ್ಟನ್ನು ಪಡೆಯಲಿದೆ ಎಂಬ ಲೆಕ್ಕವನ್ನು ಬಾಗಿಲು ತೆರೆಯುವ ಮೊದಲೇ ಊರಿನವರ ಮುಂದೆ ಇಡಬೇಕು. ಬಳಕೆ ಬೇರೆಯಾದಾಗ, ಗೋಡೆಗಳು ಹಳೆಯವಾದರೂ, ಅದನ್ನು ಹೊಸ ಸ್ಥಾವರವೆಂದೇ ಎಣಿಸಿ ಪೂರ್ಣ ಪರಿಶೀಲನೆಗೆ ಒಳಪಡಿಸಬೇಕು. ಇದರಿಂದ ೧೨೨ ದಿನಗಳ ಕೆಲಸಕ್ಕೆ ಇನ್ನಷ್ಟು ತಿಂಗಳುಗಳು ಹಿಡಿಯಬಹುದು. ಬಾಕ್ಸ್‌ಟೌನಿನ ಮಕ್ಕಳ ಉಸಿರಿಗೆ ಹೋಲಿಸಿದರೆ ಆ ತಿಂಗಳುಗಳು ದೊಡ್ಡ ನಷ್ಟವಲ್ಲ. ಮಿತವ್ಯಯವೆಂಬುದು ತನ್ನ ಪಾಲನ್ನು ತಾನು ಕಡಿಮೆ ಮಾಡಿಕೊಳ್ಳುವುದು; ನೆರೆಯವನ ಪಾಲಿನಿಂದ ಕಡಿತಮಾಡುವುದಕ್ಕೆ ಆ ಹೆಸರು ಸಲ್ಲದು.