ತರಗತಿಗೆ ತಕ್ಕ ಸಂಕಲನ ತಂತ್ರಾಂಶ

ವಿದ್ಯಾರ್ಥಿಗಳು ವಿಜ್ಞಾನದ ಪ್ರಯೋಗವನ್ನೋ ಊರ ಕೆರೆಯ ಚರಿತ್ರೆಯನ್ನೋ ಮೊಬೈಲಿನಲ್ಲಿ ಚಿತ್ರೀಕರಿಸಿ, ಅದನ್ನು ಐದು ನಿಮಿಷದ ಸಾಕ್ಷ್ಯಚಿತ್ರವಾಗಿ ಜೋಡಿಸುವ ಅಭ್ಯಾಸಕ್ಕೆ ಶಿಕ್ಷಣದಲ್ಲಿ ದೊಡ್ಡ ಬೆಲೆಯಿದೆ. ಯಾವ ದೃಶ್ಯವನ್ನು ಉಳಿಸಬೇಕು, ಯಾವುದನ್ನು ಬಿಡಬೇಕು, ಯಾವುದರ ನಂತರ ಯಾವುದು ಬರಬೇಕು ಎಂಬ ನಿರ್ಧಾರಗಳಲ್ಲಿ ಪ್ರಬಂಧ ರಚನೆಯ ವಿವೇಚನೆಯೇ ಕೆಲಸ ಮಾಡುತ್ತದೆ. ಸಂಕಲನವೆಂದು ಕರೆಯಲಾಗುವ ಈ ಜೋಡಣೆಗೆ ಹಣ ಕೊಡದೆ ದೊರೆಯುವ ತಂತ್ರಾಂಶಗಳು ಇಂದು ಹಲವಿವೆ. ಅವುಗಳನ್ನು ಆರಿಸುವಾಗ ಸಿನಿಮಾ ಸಂಕಲನಕಾರರ ಅಳತೆಗೋಲು ಶಾಲೆಗೆ ಹೊಂದುವುದಿಲ್ಲ. ಕಂಪ್ಯೂಟರ್ ಕೊಠಡಿಯ ಅತ್ಯಂತ ಹಳೆಯ ಯಂತ್ರದಲ್ಲಿ, ಅಂತರಜಾಲವಿಲ್ಲದ ದಿನವೂ, ಯಾವ ಖಾತೆಯನ್ನೂ ತೆರೆಯದೆ, ಕನ್ನಡದ ಅಕ್ಷರಗಳನ್ನು ಕೆಡಿಸದೆ ನಡೆಯುವ ತಂತ್ರಾಂಶವೇ ತರಗತಿಗೆ ಉತ್ತಮವಾದದ್ದು.

ಉಚಿತವಾಗಿ ಸಿಗುವುದೆಲ್ಲವೂ ಒಂದೇ ಬಗೆಯದಲ್ಲ. ಒಂದು ಬಗೆಯಲ್ಲಿ ಕಂಪನಿಯು ತನ್ನ ಉತ್ಪನ್ನವನ್ನು ಬೆಲೆಯಿಲ್ಲದೆ ಕೊಡುತ್ತದೆ, ಆದರೆ ಅದರ ಆಯುಷ್ಯವನ್ನು ತಾನೇ ನಿರ್ಧರಿಸುತ್ತದೆ. ಅನೇಕ ಶಿಕ್ಷಕರು ಸಂಕಲನದ ಮೊದಲ ಪಾಠ ಕಲಿತ ವಿಂಡೋಸ್ ಮೂವಿ ಮೇಕರ್‌ಗೆ ಮೈಕ್ರೋಸಾಫ್ಟ್ 2017ರ ಜನವರಿಯಲ್ಲಿ ಬೆಂಬಲವನ್ನು ನಿಲ್ಲಿಸಿತು. 2021ರಲ್ಲಿ ಅದೇ ಕಂಪನಿ ಕೊಂಡುಕೊಂಡ ಕ್ಲಿಪ್‌ಚಾಂಪ್ ಬಳಕೆಗೆ ಸುಲಭವಾಗಿದ್ದರೂ ಖಾತೆಯನ್ನು ಬೇಡುತ್ತದೆ. ಖಾತೆಯ ಪ್ರಶ್ನೆ ಸಣ್ಣದಲ್ಲ: ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಯನ್ನು ಬಳಸಲು ಪೋಷಕರ ದೃಢೀಕೃತ ಒಪ್ಪಿಗೆಯನ್ನು ಕೇಳುತ್ತದೆ. ಎರಡನೆಯ ಬಗೆ ಮುಕ್ತ ತಂತ್ರಾಂಶದ್ದು. ಇದರ ಮೂಲಸಂಕೇತವನ್ನು, ಎಂದರೆ ಪ್ರೋಗ್ರಾಮರ್‌ಗಳು ಬರೆದ ಆದೇಶಗಳ ಪಠ್ಯವನ್ನು, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಆದ್ದರಿಂದ ಶಾಲೆಯು ಅದನ್ನು ಎಷ್ಟು ಯಂತ್ರಗಳಿಗೆ ಹಾಕಿದರೂ, ವಿದ್ಯಾರ್ಥಿಗಳ ಮನೆಗೆ ಪೆನ್‌ಡ್ರೈವ್‌ನಲ್ಲಿ ಕಳಿಸಿದರೂ ಅದು ನ್ಯಾಯವಾದ ಬಳಕೆಯೇ.

ಈ ಎರಡನೆಯ ಬಗೆಯಲ್ಲಿ ಮೂರು ಹೆಸರುಗಳು ಮುಖ್ಯ. 2002ರಲ್ಲಿ ಆರಂಭವಾದ ಕೆಡೆನ್‌ಲೈವ್ ಮತ್ತು ಅದರ ನಂತರ ಬಂದ ಶಾಟ್‌ಕಟ್ ಎರಡೂ ಎಂಎಲ್‌ಟಿ ಎಂಬ ಒಂದೇ ಸಂಸ್ಕರಣಾ ಚೌಕಟ್ಟಿನ ಮೇಲೆ ನಿಂತಿವೆ. 2008ರಲ್ಲಿ ಜೊನಾಥನ್ ಥಾಮಸ್ ಆರಂಭಿಸಿದ ಓಪನ್‌ಶಾಟ್‌ಗೆ ತನ್ನದೇ ಆದ ಸಂಸ್ಕರಣಾ ವ್ಯವಸ್ಥೆಯಿದೆ. ಓಪನ್‌ಶಾಟ್‌ನ ಪರದೆ ಸರಳವಾಗಿದ್ದು, ತುಣುಕನ್ನು ಎಳೆದು ಟೈಮ್‌ಲೈನ್‌ಗೆ, ಅಂದರೆ ಚಿತ್ರ ಮತ್ತು ಧ್ವನಿಗಳು ಕಾಲಕ್ರಮದಲ್ಲಿ ಕೂರುವ ಪಟ್ಟಿಗೆ, ಹಾಕುವುದನ್ನು ಮಕ್ಕಳು ಮೊದಲ ಅವಧಿಯಲ್ಲೇ ಕಲಿಯುತ್ತಾರೆ. ಆದರೆ ತುಣುಕುಗಳು ಹೆಚ್ಚಿದಂತೆ ಅದು ತಡವರಿಸುತ್ತದೆ. ಶಾಟ್‌ಕಟ್‌ಗೆ ಅನುಸ್ಥಾಪನೆಯಿಲ್ಲದೆ ಪೆನ್‌ಡ್ರೈವ್‌ನಿಂದಲೇ ನಡೆಯುವ ವಿಂಡೋಸ್ ಆವೃತ್ತಿಯಿರುವುದರಿಂದ, ಯಂತ್ರದ ಆಡಳಿತಾಧಿಕಾರದ ಪಾಸ್‌ವರ್ಡ್ ಶಿಕ್ಷಕರ ಕೈಯಲ್ಲಿಲ್ಲದ ಕಡೆ ಅದು ದೊಡ್ಡ ಅನುಕೂಲ. ಸಂಕಲನದ ವ್ಯಾಕರಣವನ್ನು ಪೂರ್ಣವಾಗಿ ಕಲಿಸುವ ಶಕ್ತಿ ಕೆಡೆನ್‌ಲೈವ್‌ನದು. ಕೇರಳದ ಸರ್ಕಾರಿ ಸಂಸ್ಥೆಯಾದ ಕೈಟ್ ಶಾಲೆಗಳಿಗೆಂದು ಸಿದ್ಧಪಡಿಸುವ ಉಬುಂಟು ಆಧಾರಿತ ಕಾರ್ಯಾಚರಣ ವ್ಯವಸ್ಥೆಯಲ್ಲಿ ಕೆಡೆನ್‌ಲೈವ್ ಸೇರಿರುವುದರಿಂದ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಅದು ದೊರೆಯುತ್ತದೆ.

ತಂತ್ರಾಂಶ ಯಾವುದಾದರೂ ತರಗತಿಯಲ್ಲಿ ಎದುರಾಗುವ ಮೊದಲ ತೊಡಕು ಮೊಬೈಲಿನ ಕಡತದ್ದು. ಬಹುಪಾಲು ಮೊಬೈಲುಗಳು ಬಳಸುವ ಎಚ್.264 ಎಂಬ ಸಂಕೋಚನ ವಿಧಾನವು ಪ್ರತಿ ಚೌಕಟ್ಟನ್ನೂ, ಎಂದರೆ ವಿಡಿಯೊದ ಒಂದೊಂದು ಬಿಡಿ ಚಿತ್ರವನ್ನೂ, ಪೂರ್ತಿಯಾಗಿ ಉಳಿಸುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಚಿತ್ರವನ್ನಿಟ್ಟು, ನಡುವಿನ ಚೌಕಟ್ಟುಗಳಲ್ಲಿ ಬದಲಾದ ಅಂಶಗಳನ್ನು ಮಾತ್ರ ದಾಖಲಿಸುತ್ತದೆ. ಇದರಿಂದ ಕಡತ ಚಿಕ್ಕದಾಗುತ್ತದೆಯಾದರೂ, ನಡುವೆ ಎಲ್ಲೋ ಕತ್ತರಿಸಬೇಕಾದಾಗ ಕಂಪ್ಯೂಟರು ಹಿಂದಿನ ಪೂರ್ಣ ಚಿತ್ರದಿಂದ ಲೆಕ್ಕ ಹಾಕುತ್ತಾ ಬರಬೇಕಾಗುತ್ತದೆ, ಹಳೆಯ ಯಂತ್ರ ನಿಂತುನಿಂತು ನಡೆಯುತ್ತದೆ. ಪ್ರಾಕ್ಸಿ ಎಂಬ ಸೌಲಭ್ಯ ಇದಕ್ಕೆ ಪರಿಹಾರ: ತಂತ್ರಾಂಶವು ಪ್ರತಿ ತುಣುಕಿನ ಕಡಿಮೆ ಗಾತ್ರದ ಪ್ರತಿಯನ್ನು ತಯಾರಿಸಿ, ಕತ್ತರಿಸುವ ಕೆಲಸವನ್ನೆಲ್ಲ ಅದರ ಮೇಲೆ ನಡೆಸಿ, ಅಂತಿಮ ಚಿತ್ರವನ್ನು ಹೊರತೆಗೆಯುವಾಗ ಮಾತ್ರ ಮೂಲ ಕಡತಕ್ಕೆ ಮರಳುತ್ತದೆ. ಕೆಡೆನ್‌ಲೈವ್ ಮತ್ತು ಶಾಟ್‌ಕಟ್ ಎರಡರಲ್ಲೂ ಇದು ಇದೆ. ಬೆಳಕಿಗೆ ತಕ್ಕಂತೆ ಮೊಬೈಲು ಚೌಕಟ್ಟಿನ ವೇಗವನ್ನು ಬದಲಿಸುವುದರಿಂದ ಮಾತಿಗೂ ತುಟಿಗೂ ಹೊಂದಾಣಿಕೆ ತಪ್ಪುವುದುಂಟು. ಅಂಥ ಕಡತವನ್ನು ಗುರುತಿಸಿ ಸಂಕಲನಕ್ಕೆ ಒಗ್ಗುವ ರೂಪಕ್ಕೆ ಪರಿವರ್ತಿಸುವ ಸೂಚನೆಯನ್ನೂ ಇವೆರಡು ಕೊಡುತ್ತವೆ. ಶಾಟ್‌ಕಟ್ ತಾನೇ ಸೂಚಿಸುವಂತೆ ಸಾಧಾರಣ ಸ್ಪಷ್ಟತೆಯ ವಿಡಿಯೊಗೆ 4 ಜಿಬಿ, ಎಚ್‌ಡಿಗೆ 8 ಜಿಬಿ ಸ್ಮೃತಿ ಬೇಕು. ಆದ್ದರಿಂದ 4 ಜಿಬಿಯ ಯಂತ್ರಗಳಿರುವ ಶಾಲೆಯು ಚಿತ್ರೀಕರಣದ ಸ್ಪಷ್ಟತೆಯನ್ನೇ ತಗ್ಗಿಸಿಕೊಳ್ಳುವುದು ವಿವೇಕ.

ಎರಡನೆಯ ಪರೀಕ್ಷೆ ಕನ್ನಡದ್ದು. ಕನ್ನಡದ ಒತ್ತಕ್ಷರಗಳೂ ಸ್ವರಚಿಹ್ನೆಗಳೂ ಬರೆದ ಕ್ರಮದಲ್ಲೇ ಸಾಲಾಗಿ ಕೂರುವುದಿಲ್ಲ. ಅವುಗಳನ್ನು ಸರಿಯಾದ ಜಾಗಕ್ಕೆ ಸೇರಿಸುವ ಅಕ್ಷರ ಜೋಡಣೆಯ ವ್ಯವಸ್ಥೆ ತಂತ್ರಾಂಶದೊಳಗೆ ಇರಬೇಕು. ಅದಿಲ್ಲದಿದ್ದರೆ ಶೀರ್ಷಿಕೆಯಲ್ಲಿ ಒತ್ತು ಕಳಚಿ ಪಕ್ಕದಲ್ಲಿ ಬೀಳುತ್ತದೆ. ಕೆಡೆನ್‌ಲೈವ್‌ನ ಶೀರ್ಷಿಕೆ ವಿಭಾಗ ಯೂನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ. ನೋಟೊ ಸಾನ್ಸ್ ಕನ್ನಡದಂಥ ಮುಕ್ತ ಫಾಂಟನ್ನು ಅದರ ಜೊತೆ ಬಳಸಬಹುದು. ಯಾವುದೇ ತಂತ್ರಾಂಶವನ್ನು ಒಪ್ಪುವ ಮೊದಲು ಶಿಕ್ಷಕರು ಅದರಲ್ಲಿ ‘ಸ್ವಾತಂತ್ರ್ಯ’, ‘ರಾಷ್ಟ್ರೀಯ’, ‘ಸೂರ್ಯ’ ಎಂಬ ಪದಗಳನ್ನು ಬರೆದು, ವಿಡಿಯೊ ಹೊರತೆಗೆದು ನೋಡಬೇಕು. ಬರೆಯುವ ಪೆಟ್ಟಿಗೆಯಲ್ಲಿ ಸರಿಯಾಗಿ ಕಂಡದ್ದು ಅಂತಿಮ ಚಿತ್ರದಲ್ಲಿ ಕೆಟ್ಟಿರುವ ಸಾಧ್ಯತೆಯಿದೆ. ತನ್ನ ಊರಿನ ಹೆಸರು ಪರದೆಯ ಮೇಲೆ ತಪ್ಪಾಗಿ ಮೂಡುವುದನ್ನು ಒಪ್ಪಿಕೊಳ್ಳುವ ಅಭ್ಯಾಸವನ್ನು ಯಾವ ಮಗುವಿಗೂ ಶಾಲೆ ಕಲಿಸಬಾರದು.

ಮೂರನೆಯದು ಕಡತಗಳ ಶಿಸ್ತು. ಸಂಕಲನದ ಯೋಜನಾ ಕಡತದೊಳಗೆ ವಿಡಿಯೊ ಇರುವುದಿಲ್ಲ. ಯಾವ ತುಣುಕು ಎಲ್ಲಿದೆ, ಎಲ್ಲಿಂದ ಎಲ್ಲಿಯವರೆಗೆ ಬಳಕೆಯಾಗಿದೆ ಎಂಬ ವಿವರಗಳಷ್ಟೇ ಇರುತ್ತವೆ. ಹೀಗಾಗಿ ಯೋಜನಾ ಕಡತವನ್ನು ಮಾತ್ರ ಬೇರೆ ಯಂತ್ರಕ್ಕೆ ಒಯ್ದರೆ ದೃಶ್ಯಗಳು ಕಾಣೆಯಾಗುತ್ತವೆ. ಪ್ರತಿ ಗುಂಪೂ ಒಂದೇ ಫೋಲ್ಡರಿನಲ್ಲಿ ಚಿತ್ರ, ಧ್ವನಿ, ಯೋಜನೆ ಮೂರನ್ನೂ ಇಡುವಂತೆ ಮೊದಲ ದಿನವೇ ರೂಢಿ ಮಾಡಿಸಬೇಕು. ಎಲ್ಲವನ್ನೂ ಒಟ್ಟುಗೂಡಿಸಿಕೊಡುವ ಆರ್ಕೈವ್ ಸೌಲಭ್ಯ ಕೆಡೆನ್‌ಲೈವ್‌ನಲ್ಲಿರುವುದು ಇಲ್ಲಿ ನೆರವಿಗೆ ಬರುತ್ತದೆ.

ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪನಿಯ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಗುಣದಲ್ಲಿ ಇವೆಲ್ಲಕ್ಕಿಂತ ಮೇಲು ಎಂಬುದು ನಿಜ. ಬಣ್ಣ ಹೊಂದಿಸುವ ಕೆಲಸದಲ್ಲಿ ಚಿತ್ರರಂಗವೇ ಅದನ್ನು ನೆಚ್ಚಿಕೊಂಡಿದೆ. ಆದರೆ ಅದು ಒಳ್ಳೆಯ ಗ್ರಾಫಿಕ್ಸ್ ಕಾರ್ಡನ್ನೂ 16 ಜಿಬಿ ಸ್ಮೃತಿಯನ್ನೂ ಬಯಸುವುದರಿಂದ ಮಾಧ್ಯಮ ವಿಷಯವನ್ನು ಬೋಧಿಸುವ ಕಾಲೇಜುಗಳಿಗೆ ಸೂಕ್ತವೇ ಹೊರತು ಪ್ರೌಢಶಾಲೆಗಲ್ಲ. ಸಂಗೀತದ ವಿಷಯದಲ್ಲೂ ಎಚ್ಚರ ಬೇಕು: 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಸೆಕ್ಷನ್ ಬೋಧನೆಯ ಸಂದರ್ಭದಲ್ಲಿ ಶಿಕ್ಷಕರೂ ವಿದ್ಯಾರ್ಥಿಗಳೂ ಮಾಡಿಕೊಳ್ಳುವ ಪ್ರತಿಗೆ ವಿನಾಯಿತಿ ಕೊಡುತ್ತದೆಯಾದರೂ, ಸಿನಿಮಾ ಹಾಡನ್ನು ಸೇರಿಸಿದ ಚಿತ್ರವನ್ನು ಸಾರ್ವಜನಿಕವಾಗಿ ಪ್ರಕಟಿಸುವುದು ಬೇರೆಯೇ ಮಾತು. ಮಕ್ಕಳು ತಾವೇ ಹಾಡಿ, ನುಡಿಸಿ ದಾಖಲಿಸಿದ ಧ್ವನಿಗೆ ಇಂಥ ಅಡ್ಡಿಯಿಲ್ಲ.

ಒಟ್ಟು ತೀರ್ಮಾನ ಹೀಗಿದೆ: ಏಳನೆಯ ತರಗತಿಯವರೆಗೆ ಓಪನ್‌ಶಾಟ್ ಸಾಕು, ಪ್ರೌಢಶಾಲೆಗೆ ಕೆಡೆನ್‌ಲೈವ್ ತಕ್ಕದ್ದು, ಅನುಸ್ಥಾಪನೆ ಸಾಧ್ಯವಿಲ್ಲದ ಕಡೆ ಶಾಟ್‌ಕಟ್ ಉಪಯುಕ್ತ. ಶಾಲೆಗಳು ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಕನಿಷ್ಠ ಒಂದು ಶೈಕ್ಷಣಿಕ ವರ್ಷ ಅದನ್ನೇ ಬಳಸಲಿ. ತಂತ್ರಾಂಶವನ್ನು ಮತ್ತೆ ಮತ್ತೆ ಬದಲಿಸುತ್ತಾ ಹೋದರೆ ಗುಂಡಿಗಳ ಪರಿಚಯದಲ್ಲೇ ಅವಧಿಗಳು ಮುಗಿದು, ದೃಶ್ಯವನ್ನು ಆರಿಸುವ ವಿವೇಚನೆ ಕಲಿಯಲು ಮಕ್ಕಳಿಗೆ ಸಮಯವೇ ಉಳಿಯುವುದಿಲ್ಲ.