ಚಿನ್ನದ ಪೀಠ: ಅಶಾಂಟಿ ಅರಸುತನದ ಐತಿಹ್ಯ ಮತ್ತು ರಾಟ್ರೆಯವರ ಓದು

ಘಾನಾದ ಅಶಾಂಟಿ ಜನರ ಅರಸುತನವನ್ನು ಕುರಿತ ಬರೆಹಗಳಲ್ಲಿ 'ವಂಶಪಾರಂಪರ್ಯ ರಾಜತ್ವ' ಎಂಬ ಮಾತು ಸಲೀಸಾಗಿ ಬಳಕೆಯಾಗುತ್ತದೆ. ಅದು ಅರ್ಧ ಮಾತ್ರ ನಿಜ. ಅಲ್ಲಿ ಹಕ್ಕು ತಾಯಿಯ ಕಡೆಯಿಂದ ಇಳಿಯುತ್ತದೆ. ಮಗನಿಗಲ್ಲ, ಸೋದರನಿಗೆ ಅಥವಾ ಸೋದರಳಿಯನಿಗೆ. ತುಳುನಾಡಿನ ಅಳಿಯಸಂತಾನವನ್ನು ಬಲ್ಲವರಿಗೆ ಇದು ಹೊಸದೆನಿಸದು; ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ಅರ್ಹರಾದ ಹಲವರಲ್ಲಿ ಒಬ್ಬನನ್ನು ಒಹೆಮಾ ಎಂಬ ರಾಜಮಾತೆ ಸೂಚಿಸಬೇಕು, ಹಿರಿಯರು ಒಪ್ಪಬೇಕು. ಕೂರಿಸಿದವರೇ ಇಳಿಸಲೂ ಬಲ್ಲರು. 1874ರಲ್ಲಿ ಕೋಫಿ ಕರಿಕರಿಯೂ 1883ರಲ್ಲಿ ಮೆನ್ಸಾ ಬೊನ್ಸುವೂ ಪದಚ್ಯುತರಾದುದು ಹೀಗೆ.

ಈ ವ್ಯವಸ್ಥೆಯ ನಡುವೆ ಇರುವುದು ವ್ಯಕ್ತಿಯಲ್ಲ, ಪೀಠ. ಒಸೇ ಟುಟುವಿನ ಕಾಲದಲ್ಲಿ ಅನೊಚೆ ಎಂಬ ಪೂಜಾರಿ ಒಂದು ಶುಕ್ರವಾರ ಆಕಾಶದಿಂದ ಚಿನ್ನದ ಪೀಠವನ್ನು ಇಳಿಸಿದನೆಂದೂ ಅದು ಅರಸನ ಮೊಣಕಾಲ ಮೇಲೆ ಬಂದು ನಿಂತಿತೆಂದೂ ಐತಿಹ್ಯ. ಅದರ ಹೆಸರು ಸಿಕಾ ದ್ವಾ ಕೋಫಿ. ಕೋಫಿ ಎಂಬುದು ಶುಕ್ರವಾರ ಹುಟ್ಟಿದ ಗಂಡಿಗೆ ಇಡುವ ಹೆಸರು. ನಾಡಿನ ಜೀವವೇ ಅದರಲ್ಲಿದೆಯೆಂಬ ನಂಬಿಕೆಯಿಂದ ಅದು ನೆಲ ಸೋಕಬಾರದು, ಅರಸನೂ ಅದರ ಮೇಲೆ ಕೂರುವಂತಿಲ್ಲ. ಕನ್ನಡದಲ್ಲಿ ಇದನ್ನು 'ಸಿಂಹಾಸನ' ಎಂದು ಕರೆದರೆ ಅರ್ಥವೇ ತಲೆಕೆಳಗಾಗುತ್ತದೆ. 1900ರ ಮಾರ್ಚ್ 28ರಂದು ಕುಮಾಸಿಯಲ್ಲಿ ಬ್ರಿಟಿಷ್ ಗವರ್ನರ್ ಹಾಡ್ಜ್‌ಸನ್ ಮಾಡಿದ ತಪ್ಪು ಇದೇ: ತನ್ನನ್ನು ಅದರ ಮೇಲೆ ಏಕೆ ಕೂರಿಸಿಲ್ಲವೆಂದು ಆತ ಕೇಳಿದ. ಅರಸ ಪ್ರೆಂಪೆ 1896ರಲ್ಲಿಯೇ ಸೆರೆಯಾಗಿದ್ದ. ಅರಸನಿಲ್ಲದ ನಾಡು ಎಜಿಸುವಿನ ರಾಜಮಾತೆ ಯಾ ಅಸಾಂಟೆವಾಳ ನೇತೃತ್ವದಲ್ಲಿ ಪೀಠಕ್ಕಾಗಿ ಕಾದಾಡಿತು. ಸೋತರೂ ಪೀಠವನ್ನು ಒಪ್ಪಿಸಲಿಲ್ಲ.

ಈ ಐತಿಹ್ಯವನ್ನು ಹೊರಜಗತ್ತಿಗೆ ವಿವರವಾಗಿ ಪರಿಚಯಿಸಿದವರಲ್ಲಿ ಆರ್.ಎಸ್. ರಾಟ್ರೆ ಪ್ರಮುಖರು. 1930ರ ಕಥಾಸಂಕಲನದಲ್ಲಿ ಮೂಲ ಭಾಷೆಯ ಪಾಠವನ್ನು ಇಂಗ್ಲಿಷಿನ ಎದುರಿಗೇ ಅಚ್ಚು ಮಾಡಿದ ಅವರು, 1923ರ 'ಅಶಾಂಟಿ' ಗ್ರಂಥದಲ್ಲಿ ಪೀಠದ ಐತಿಹ್ಯವನ್ನು ತಮ್ಮದೇ ಇಂಗ್ಲಿಷ್ ನಿರೂಪಣೆಯಲ್ಲಿ ಕೊಡುತ್ತಾರೆ. ಜಾನಪದ ಅಧ್ಯಯನದ ದೃಷ್ಟಿಯಿಂದ ಇದು ಸಣ್ಣ ಕೊರತೆಯಲ್ಲ. ಕೇಳುತ್ತಿದ್ದವರು ವಸಾಹತು ಸರ್ಕಾರದ ಅಧಿಕಾರಿ. ಅರಸನೋ 1924ರವರೆಗೂ ಸೆಷೆಲ್ಸ್ ದ್ವೀಪದ ಗಡೀಪಾರಿನಲ್ಲಿದ್ದ. ಅಂಥ ಹೊತ್ತಿನಲ್ಲಿ ಪೀಠದ ಪಾವಿತ್ರ್ಯವನ್ನು ಹೇಳುವುದು ಅಹವಾಲೂ ಆಗಿರುತ್ತದೆ. ಒಡೆಯರ ಕೂದಲು, ಉಗುರುಗಳನ್ನು ಬೆರೆಸಿದ ಮದ್ದನ್ನು ಪೀಠಕ್ಕೆ ಬಳಿದು, ಉಳಿದುದನ್ನು ಎಲ್ಲರೂ ಕುಡಿದರೆಂಬ ಭಾಗವಂತೂ ಬರಿಯ ಪವಾಡವಲ್ಲ, ಒಪ್ಪಂದದ ನುಡಿ: ಕುಮಾಸಿಯ ಮೇಲುಗೈಯನ್ನು ಮಾಂಪೊಂಗ್, ಜುವಾಬೆನ್, ಬೆಕ್ವಾಯ್ ಮೊದಲಾದ ನಾಡುಗಳು ಒಪ್ಪಿದ ಕತೆ, ಕುಮಾಸಿಗೆ ಅನುಕೂಲವಾದ ಕತೆಯೂ ಹೌದು.

1935ರಲ್ಲಿ ಬ್ರಿಟಿಷರೇ ಒಕ್ಕೂಟವನ್ನು ಮರಳಿ ಸ್ಥಾಪಿಸಿದರು. ಆದರೆ 1951ರಲ್ಲಿ ಕೆ.ಎ. ಬುಸಿಯಾ ತೋರಿಸಿದಂತೆ, ವಸಾಹತು ಆಡಳಿತದಲ್ಲಿ ಒಡೆಯನು ಜನರಿಗಿಂತ ಸರ್ಕಾರಕ್ಕೇ ಉತ್ತರ ಹೇಳಬೇಕಾದ ಸ್ಥಿತಿ ಬಂದಿತ್ತು. ಪೀಠದಿಂದ ಇಳಿಸುವ ಜನರ ಹಕ್ಕಿಗೆ ಒದಗಿದ ಈ ಪೆಟ್ಟು ರಾಟ್ರೆಯವರ ಸುಸಂಬದ್ಧ ಚಿತ್ರದಲ್ಲಿ ಮಸುಕಾಗಿಯೇ ಉಳಿಯುತ್ತದೆ.