ಹದಿನಾಲ್ಕು ಓವರ್ ಆದ ಮೇಲೆ

ಕಳೆದ ತಿಂಗಳು ನಮ್ಮ ಆಫೀಸಿನಲ್ಲೊಂದು ಟ್ರೇನಿಂಗ್ ಇತ್ತು. ವಿಷಯ: 'ಓನರ್‌ಶಿಪ್'. ಏಳನೇ ಸ್ಲೈಡಿನಲ್ಲಿ ಅನಿಲ್ ಕುಂಬ್ಳೆ ಬಂದರು. ಯಾವ ಫೋಟೋ ಅಂತ ಹೇಳಬೇಕಾಗಿಲ್ಲ. ಗಲ್ಲದಿಂದ ನೆತ್ತಿಯವರೆಗೆ ಸುತ್ತಿದ ಬಿಳಿ ಬ್ಯಾಂಡೇಜು, ನೋವನ್ನು ನುಂಗಿಕೊಂಡ ಮುಖ. ಕೆಳಗೆ ದಪ್ಪಕ್ಷರದಲ್ಲಿ 'ಕಮಿಟ್‌ಮೆಂಟ್' ಅಂತ ಬರೆದಿತ್ತು. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಕುರ್ಚಿಗೆ ಒರಗಿಸಿಟ್ಟಿದ್ದ ನನ್ನ ಊರುಗೋಲು ಆ ಗದ್ದಲಕ್ಕೆ ಜಾರಿ ನೆಲಕ್ಕೆ ಬಿತ್ತು.

ಕುಂಬ್ಳೆ ಬಗ್ಗೆ ನನಗೆ ಕಿಂಚಿತ್ತೂ ತಕರಾರಿಲ್ಲ. ಆ ಪಂದ್ಯ ನಡೆದಾಗ ನಾನು ಸ್ಕೂಲಿನಲ್ಲಿದ್ದೆ, ಪೇಪರಿನಿಂದ ಆ ಚಿತ್ರ ಕತ್ತರಿಸಿ ಬೀರುವಿನ ಒಳಬಾಗಿಲಿಗೆ ಅಂಟಿಸಿಕೊಂಡಿದ್ದವನು. ತಕರಾರು ಇರೋದು ಆ ಚಿತ್ರವನ್ನು ನಾವು ಓದುವ ರೀತಿಯ ಬಗ್ಗೆ. ಒಂದು ಕವಿತೆಯನ್ನು ಅರ್ಧಕ್ಕೆ ನಿಲ್ಲಿಸಿ ಅರ್ಥ ಹೇಳಿದರೆ ಮೇಷ್ಟ್ರು ಬೈತಾರೆ. ಈ ಚಿತ್ರವನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಅರ್ಧಕ್ಕೇ ನಿಲ್ಲಿಸುತ್ತಿದ್ದೇವೆ, ಯಾರೂ ಬೈತಾ ಇಲ್ಲ.

ಪೂರ್ತಿ ಕತೆ ಇಷ್ಟು. ಮೇ 2002, ಆಂಟಿಗುವಾದ ಸೇಂಟ್ ಜಾನ್ಸ್ ಟೆಸ್ಟ್. ಬ್ಯಾಟಿಂಗ್ ಮಾಡುವಾಗ ಮರ್ವಿನ್ ಡಿಲನ್ ಎಸೆದ ಚೆಂಡು ಬಡಿದು ಕುಂಬ್ಳೆಯ ದವಡೆ ಮುರಿಯಿತು. ಆಮೇಲೆ ಬ್ಯಾಂಡೇಜು ಸುತ್ತಿಕೊಂಡು ಮೈದಾನಕ್ಕಿಳಿದು 14 ಓವರ್ ಹಾಕಿದರು. 29 ರನ್ ಕೊಟ್ಟು ಒಂದು ವಿಕೆಟ್ ತೆಗೆದರು. ಆ ಒಂದು ವಿಕೆಟ್ ಬ್ರಯಾನ್ ಲಾರಾ ಅವರದು. ನಮ್ಮ ಸ್ಲೈಡು ಇಲ್ಲಿಗೆ ನಿಲ್ಲುತ್ತದೆ.

ಮುಂದೇನಾಯ್ತು? ಕುಂಬ್ಳೆ ಪ್ರವಾಸವನ್ನೇ ಬಿಟ್ಟು ಆಪರೇಷನ್‌ಗೆ ಬೆಂಗಳೂರಿಗೆ ಹೊರಟರು. ಮುಂದಿನ ಟೆಸ್ಟ್ ಆಡಲಿಲ್ಲ. ಇತ್ತ ಆಂಟಿಗುವಾದಲ್ಲಿ ವೆಸ್ಟ್ ಇಂಡೀಸ್ ಆರುನೂರು ದಾಟಿಸಿತು, ವಿಕೆಟ್ ಕೀಪರ್ ಅಜಯ್ ರಾತ್ರಾ ಸೇರಿ ನಮ್ಮ ಹನ್ನೊಂದೂ ಜನ ಬೌಲಿಂಗ್ ಮಾಡಿದರು, ಪಂದ್ಯ ಡ್ರಾ ಆಯಿತು. ಅಂದರೆ ಆ ಧೈರ್ಯದ ಪಕ್ಕದಲ್ಲೇ ಇನ್ನೊಂದು ತೀರ್ಮಾನವೂ ಇತ್ತು: 'ಇನ್ನು ಸಾಕು, ಮನೆಗೆ ಹೋಗ್ತೀನಿ.' ಅದನ್ನೂ ತೆಗೆದುಕೊಂಡವರು ಅದೇ ಕುಂಬ್ಳೆ. ಎಂ.ಜಿ. ರಸ್ತೆಯಲ್ಲಿ ಅವರ ಹೆಸರಿನ ಸರ್ಕಲ್ ಇದೆ. ಆ ಎರಡನೇ ತೀರ್ಮಾನದ ಹೆಸರಿನಲ್ಲಿ ಒಂದು ಸ್ಲೈಡೂ ಇಲ್ಲ.

ಗಾಯಗೊಂಡ ಆಟಗಾರ ಮನೆಗೆ ಹೋಗುವ ದಾರಿಯೇ ಕತೆಯಾದ ಉದಾಹರಣೆ ಹುಡುಕಿದರೆ ನಾವು ಅಮೆರಿಕದ ಬ್ಯಾಸ್ಕೆಟ್‌ಬಾಲ್‌ವರೆಗೆ ಹೋಗಬೇಕು. ಜನವರಿ 2009. ಶಾರ್ಲಟ್ ಬಾಬ್‌ಕ್ಯಾಟ್ಸ್ ತಂಡದ ಜೆರಾಲ್ಡ್ ವಾಲೇಸ್, ಲಾಸ್ ಏಂಜಲೀಸ್‌ನಲ್ಲಿ ಲೇಕರ್ಸ್ ವಿರುದ್ಧ ಆಡುವಾಗ ಆಂಡ್ರ್ಯೂ ಬೈನಮ್‌ನ ಏಟಿಗೆ ಸಿಕ್ಕಿ ಕೆಳಗೆ ಬಿದ್ದ. ಪಕ್ಕೆಲುಬು ಬಿರುಕು ಬಿಟ್ಟಿತ್ತು, ಎಡ ಶ್ವಾಸಕೋಶ ಸ್ವಲ್ಪ ಕುಸಿದಿತ್ತು. ತಂಡ ವಿಮಾನ ಹತ್ತಿತು. ಇವನು ಹತ್ತುವ ಹಾಗಿರಲಿಲ್ಲ. ಆಸ್ಪತ್ರೆಯಿಂದ ಬಿಟ್ಟ ಮೇಲೆ ಬಸ್ಸಿನಲ್ಲಿ ಊರಿಗೆ ಹೊರಟ. ಲಾಸ್ ಏಂಜಲೀಸ್‌ನಿಂದ ಶಾರ್ಲಟ್‌ಗೆ ರಸ್ತೆಯಲ್ಲಿ ಸುಮಾರು 3,900 ಕಿಲೋಮೀಟರ್. ಮೈಸೂರಿನಿಂದ ದಿಲ್ಲಿಗೆ ಹೋಗಿ, ಹೆಚ್ಚುಕಡಿಮೆ ಮುಕ್ಕಾಲು ದಾರಿ ವಾಪಸ್ ಬಂದಷ್ಟು.

ವಿಮಾನ ಯಾಕೆ ಬೇಡ? ಮೈಸೂರಿನವರಿಗೆ ಇದನ್ನು ಅರ್ಥ ಮಾಡಿಸೋದು ಸುಲಭ. ಗುಂಡ್ಲುಪೇಟೆಯಲ್ಲಿ ಚಿಪ್ಸ್ ಪ್ಯಾಕೆಟ್ ತಗೊಂಡು, ಬಂಡೀಪುರ ದಾಟಿ, ಊಟಿಯ ಘಾಟಿ ಹತ್ತಿ ನೋಡಿ. ಮೇಲೆ ಹೋಗುವಷ್ಟರಲ್ಲಿ ಪ್ಯಾಕೆಟ್ ಬಲೂನಿನ ಹಾಗೆ ಊದಿಕೊಂಡಿರುತ್ತೆ. ಹೊರಗಿನ ಒತ್ತಡ ಕಮ್ಮಿಯಾದ ಹಾಗೆ ಒಳಗಿನ ಗಾಳಿ ಹಿಗ್ಗುತ್ತದೆ. ವಿಮಾನದೊಳಗೂ ಹೀಗೇ. ಹತ್ತು ಸಾವಿರ ಮೀಟರ್ ಮೇಲೆ ಹಾರುವಾಗ ಕ್ಯಾಬಿನ್ನಿನ ಒತ್ತಡ ನೆಲದ ಮೇಲಿನಷ್ಟು ಇರೋದಿಲ್ಲ. ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತೆ. ಅಂದರೆ ವಿಮಾನ ಹತ್ತಿದವರೆಲ್ಲ ಸೀಟಿನಲ್ಲೇ ಕೂತು ಊಟಿಗೆ ಹೋಗಿಬಂದ ಲೆಕ್ಕ. ಶ್ವಾಸಕೋಶದಿಂದ ಸೋರಿದ ಗಾಳಿ ಎದೆಗೂಡಿನಲ್ಲಿ ಸಿಕ್ಕಿಕೊಂಡಿದ್ದರೆ, ಅದೂ ಆ ಪ್ಯಾಕೆಟ್ಟಿನ ಹಾಗೆ ಊದಿಕೊಂಡು ಶ್ವಾಸಕೋಶವನ್ನು ಇನ್ನಷ್ಟು ಅದುಮುತ್ತದೆ. ಬಸ್ಸಾದರೆ ನಿಧಾನ ಹೋಗಬಹುದು, ಬೆಟ್ಟ ಬಳಸಿ ಹೋಗಬಹುದು, ಉಸಿರು ಕಟ್ಟಿದರೆ ಆಸ್ಪತ್ರೆ ಕಂಡಲ್ಲಿ ನಿಲ್ಲಿಸಬಹುದು.

ವಾಲೇಸ್‌ನ ಬಸ್ ಪ್ರಯಾಣದ ಪೋಸ್ಟರ್ ಯಾರ ಗೋಡೆಯ ಮೇಲೂ ಇಲ್ಲ. ಕಿಟಕಿಯ ಪಕ್ಕ ಕೂತವನ ಮುಖದಲ್ಲಿ ನೋಡೋದಕ್ಕೆ ಏನಿದೆ, ಹೇಳಿ? ಆದರೆ ಆ ಬಸ್ಸಿನ ಹಿಂದೆ ಒಂದು ದೊಡ್ಡ ಒಪ್ಪಂದ ಇದೆ. 'ನಿನ್ನ ಮೈ ಕೇಳುವಷ್ಟು ಹೊತ್ತು ತಗೋ, ಅಲ್ಲಿಯವರೆಗೆ ನಾವು ಆಡ್ತಿರ್ತೀವಿ' ಅಂತ ಒಂದು ಸಂಸ್ಥೆ ತನ್ನ ಮುಖ್ಯ ಆಟಗಾರನಿಗೆ ಹೇಳಿದ ಹಾಗೆ. ಅವನು ಅದೇ ಸೀಸನ್ನಿನಲ್ಲಿ ಮತ್ತೆ ಆಡಿದ. ಮುಂದಿನ ವರ್ಷ, 2010ರಲ್ಲಿ, ಆ ತಂಡದಿಂದ ಆಲ್‌ಸ್ಟಾರ್‌ಗೆ ಆಯ್ಕೆಯಾದ ಮೊದಲ ಆಟಗಾರನೂ ಆದ.

ನಮ್ಮ ಊರಿನ ಕತೆಗಳಲ್ಲೂ ಈ ನಡುವಿನ ದಾರಿಯನ್ನು ಕತ್ತರಿಸಿ ಬಿಸಾಡಿದ್ದೇವೆ. ಬಿ.ಎಸ್. ಚಂದ್ರಶೇಖರ್ ಮೈಸೂರಿನಲ್ಲಿ ಹುಟ್ಟಿದವರು. ಪೋಲಿಯೋದಿಂದ ಬಡಕಲಾದ ಬಲಗೈಯನ್ನೇ ಅಸ್ತ್ರ ಮಾಡಿಕೊಂಡು 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತರು ಅಂತ ಎಲ್ಲರೂ ಹೇಳ್ತಾರೆ. ನಿವೃತ್ತಿಯ ನಂತರ ರಸ್ತೆ ಅಪಘಾತವಾಗಿ ಅವರು ಊರುಗೋಲು ಹಿಡಿದದ್ದು ಆ ಕತೆಯೊಳಗೆ ಬರೋದೇ ಇಲ್ಲ, ಯಾಕಂದ್ರೆ ಆ ಗಾಯದಿಂದ ವಿಕೆಟ್ ಬೀಳಲಿಲ್ಲ. ಜಾವಗಲ್ ಶ್ರೀನಾಥ್ ವಿಷಯವೂ ಅಷ್ಟೇ. 1999ರ ಕೋಲ್ಕತ್ತದ 86ಕ್ಕೆ 8 ನಮಗೆ ಬಾಯಿಪಾಠ. ಅದಕ್ಕೂ ಮುಂಚೆ, 1997ರಲ್ಲಿ, ಭುಜದ ಆಪರೇಷನ್ ಮಾಡಿಸಿಕೊಂಡು ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿಸಿಕೊಂಡು ಕೂತ ತಿಂಗಳುಗಳಿಗೆ ಸ್ಕೋರ್‌ಕಾರ್ಡ್ ಇಲ್ಲ. ಸಿನಿಮಾದವರಂತೂ ಇಂಥ ತಿಂಗಳುಗಳನ್ನು ಮೂರು ನಿಮಿಷದ ಹಾಡಿನಲ್ಲಿ ಮುಗಿಸುತ್ತಾರೆ. ಪಲ್ಲವಿಯಲ್ಲಿ ಕುಂಟುತ್ತಿದ್ದವನು ಎರಡನೇ ಚರಣಕ್ಕೆ ಓಡುತ್ತಿರುತ್ತಾನೆ.

ಇದನ್ನೆಲ್ಲ ಬರೆಯುವ ಅಧಿಕಾರ ನನಗೆ ಬಂದಿದ್ದು ಬಲ ಮೊಣಕಾಲಿನಿಂದ. ಭಾನುವಾರದ ಕ್ರಿಕೆಟ್ಟು, ಹರಿದ ಲಿಗಮೆಂಟು, ಆಪರೇಷನ್ನು. ವಿಶ್ರಾಂತಿಗೆ ಅಂತ ಜಯಲಕ್ಷ್ಮಿಪುರಂನ ಅಪ್ಪ-ಅಮ್ಮನ ಮನೆಗೆ ಟ್ಯಾಕ್ಸಿಯಲ್ಲಿ ಹೊರಟೆ. ಹಿಂದಿನ ಸೀಟಿನಲ್ಲಿ ದಿಂಬಿನ ಮೇಲೆ ಕಾಲು ಚಾಚಿದ್ದೆ, ಕಾಲು ಚಾಚಿದ್ದರಿಂದ ಉಳಿದ ತೊಡೆಯ ಮೇಲೆ ಲ್ಯಾಪ್‌ಟಾಪ್ ಇತ್ತು. ಚನ್ನಪಟ್ಟಣದ ಹತ್ತಿರ ಒಂದು ಕಾಲ್ ಶುರುವಾಯ್ತು. ಮದ್ದೂರಿನಲ್ಲಿ ಡ್ರೈವರ್ 'ವಡೆ ತರ್ಲಾ ಸಾರ್' ಅಂದಾಗ ಕೈಸನ್ನೆಯಲ್ಲೇ ಬೇಡ ಅಂದೆ. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟಿದ್ದು ಗೊತ್ತೇ ಆಗಲಿಲ್ಲ, ಆಗ ನಾನು ಮ್ಯೂಟ್ ತೆಗೆದು ಮಾತಾಡ್ತಿದ್ದೆ. ಕಾಳಿದಾಸ ರಸ್ತೆಗೆ ತಿರುಗಿದಾಗ ತಲೆ ಎತ್ತಿದೆ. ನನಗೂ ಒಂದು ಬಸ್ಸು ಸಿಕ್ಕಿತ್ತು. ಅದನ್ನು ನಾನೇ ವಿಮಾನ ಮಾಡಿಕೊಂಡಿದ್ದೆ.

ಯಾರೂ ಬಲವಂತ ಮಾಡಿರಲಿಲ್ಲ ಅನ್ನೋದು ಇಲ್ಲಿ ಮುಖ್ಯ. 'ಟೇಕ್ ಕೇರ್, ಆರಾಮಾಗಿ ಬಾ' ಅಂತಲೇ ಮ್ಯಾನೇಜರ್ ಬರೆದಿದ್ದರು. ಒಂಬತ್ತನೇ ದಿನಕ್ಕೆ ಲಾಗಿನ್ ಆದವನು ನಾನು. ದಿನಕ್ಕೆ ಒಂಬತ್ತು ಗಂಟೆ ಕೂತೆ, ಮಾಡಬೇಕಾದ ವ್ಯಾಯಾಮ ಬಿಟ್ಟೆ, ಕಾಲು ಪೂರ್ತಿ ನೇರವಾಗೋದು ನಿಂತಿತು. 'ಆರು ವಾರದ ಕೆಲಸವನ್ನ ಆರು ತಿಂಗಳು ಮಾಡಿಕೊಂಡ್ರಿ' ಅಂದರು ಫಿಸಿಯೋ. ನನ್ನ ತಲೆಯೊಳಗೆ ಬೀರುವಿನ ಬಾಗಿಲಿನ ಆ ಚಿತ್ರ ಇನ್ನೂ ಅಂಟಿಕೊಂಡೇ ಇತ್ತು. ಕುಂಬ್ಳೆ ಮಾಡಿದ್ದನ್ನೇ ಮಾಡ್ತಿದ್ದೀನಿ ಅಂದುಕೊಂಡಿದ್ದೆ. ಕುಂಬ್ಳೆ 14 ಓವರ್ ಹಾಕಿ ಹೊರಟರು. ನಾನು ಹೊರಡಲೇ ಇಲ್ಲ.

ನನ್ನ ವಾದದಲ್ಲಿ ಒಂದು ತೂತಿದೆ, ಅದನ್ನು ಮುಚ್ಚಿಡಬಾರದು. ವಾಲೇಸ್ ಕೋಟ್ಯಾಧಿಪತಿ. ಬಸ್ಸಿನಲ್ಲಿ ಮಲಗಿಕೊಂಡು ದೇಶ ದಾಟಿದರೂ ಅವನ ಸಂಬಳ ನಿಲ್ಲೋದಿಲ್ಲ. ನನಗೂ ಮೆಡಿಕಲ್ ಲೀವ್ ಇತ್ತು. ನಾನು ಕಾಲು ಚಾಚಿಕೊಂಡಿದ್ದ ದಿನಗಳಲ್ಲಿ ಅಮ್ಮ ತರಿಸುತ್ತಿದ್ದ ದಿನಸಿ ತಂದುಕೊಡುತ್ತಿದ್ದ ಹುಡುಗನ ಮಣಿಕಟ್ಟಿಗೆ ಕ್ರೇಪ್ ಬ್ಯಾಂಡೇಜ್ ಇತ್ತು. ಗಾಡಿ ಸ್ಕಿಡ್ ಆಗಿತ್ತಂತೆ. 'ರೆಸ್ಟ್ ತಗೋಬಾರ್ದಾ' ಅಂದೆ. 'ಓಡಿಸಿದ್ರೇನೇ ದುಡ್ಡು ಸಾರ್' ಅಂದ. ಅವನ ಬ್ಯಾಂಡೇಜಿಗೂ ಕುಂಬ್ಳೆಯ ಬ್ಯಾಂಡೇಜಿಗೂ ಅಜಗಜಾಂತರ. ಕುಂಬ್ಳೆಗೆ ಇಳಿಯದೇ ಇರುವ ಆಯ್ಕೆ ಇತ್ತು, ಆದ್ದರಿಂದಲೇ ಇಳಿದದ್ದು ಧೈರ್ಯ. ಆಯ್ಕೆಯೇ ಇಲ್ಲದವನ ಪಾಡನ್ನೂ 'ಕಮಿಟ್‌ಮೆಂಟ್' ಅಂತ ಕರೆದು ಚಪ್ಪಾಳೆ ಹೊಡೆದರೆ ಅದು ಮೋಸ. ಸ್ಲೈಡ್ ಅರ್ಧಕ್ಕೆ ನಿಂತಾಗ ಈ ಎರಡೂ ಒಂದೇ ಥರ ಕಾಣುತ್ತವೆ. ಲಿಂಕ್ಡ್‌ಇನ್‌ನಲ್ಲಿ ಆಸ್ಪತ್ರೆ ಬೆಡ್ಡಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಫೋಟೋ ಹಾಕುವವರಿಗೂ, ಅದಕ್ಕೆ ಲೈಕ್ ಒತ್ತುವ ನಮಗೂ ಬೇಕಾಗಿರೋದು ಅದೇ.

ಟ್ರೇನಿಂಗ್ ಮುಗಿದಾಗ ಪ್ರಶ್ನೆ ಕೇಳಿ ಅಂದರು. ನಾನು ಕೈ ಎತ್ತಿದೆ. 'ಆ ಏಳನೇ ಸ್ಲೈಡು ಸಾರ್, ಅದಾದ ಮೇಲೆ ಕುಂಬ್ಳೆ ಎಲ್ಲಿಗೆ ಹೋದರು?'

ಟ್ರೇನರ್ ಒಂದು ಕ್ಷಣ ಯೋಚಿಸಿ, 'ನೆಕ್ಸ್ಟ್ ಮ್ಯಾಚ್‌ಗೆ ಅಲ್ವಾ?' ಅಂದರು.

'ಇಲ್ಲ ಸಾರ್, ಮನೆಗೆ.'

ರೂಮಿನಲ್ಲಿ ಒಂದಿಬ್ಬರು ನಕ್ಕರು. ಟ್ರೇನರ್ರೂ ನಕ್ಕು, ಎಂಟನೇ ಸ್ಲೈಡ್ ಮಾಡ್ಕೋತೀನಿ ಅಂದರು. ಮಾಡಿದರೋ ಇಲ್ಲವೋ, ಮುಂದಿನ ಬ್ಯಾಚಿನವರು ಹೇಳಬೇಕು. ನಾನು ಅವತ್ತು ಐದೂವರೆಗೇ ಎದ್ದು, ಊರುಗೋಲು ತಗೊಂಡು, ಫಿಸಿಯೋ ಹತ್ತಿರ ಹೋದೆ.